ಕಾರಿಗೆ ಮಾಲೀಕರು ಸಿಕ್ಕರು, ಕಸಕ್ಕೆ ಸಿಗಲಿಲ್ಲ

ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಕಾರು ಬಹಳ ಕಾಲದಿಂದ ನಿಂತಿತ್ತು. ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಮೊದಮೊದಲು ಯಾರದೋ ಮನೆಗೆ ಬಂದ ನೆಂಟರದ್ದಿರಬೇಕು ಅಂದುಕೊಂಡೆವು. ಆಮೇಲೆ ಗಾಳಿ ಇಳಿದು ನಾಲ್ಕೂ ಟೈರು ನೆಲಕ್ಕೆ ಕೂತವು, ಗಾಜಿನ ಮೇಲಿನ ಧೂಳಲ್ಲಿ ಮಕ್ಕಳು ಬೆರಳಿನಿಂದ ಗೊಂಬೆ ಬರೆದರು, ಹಿಂದಿನ ನಂಬರ್ ಪ್ಲೇಟು ಮಾಯವಾಯಿತು, ಒಂದು ಬೆಳಿಗ್ಗೆ ನೋಡಿದರೆ ಬಾನೆಟ್ಟು ಅರ್ಧ ತೆರೆದಿತ್ತು, ಒಳಗೆ ಬ್ಯಾಟರಿ ಇರಲಿಲ್ಲ. ಕಸ ಶುರುವಾಗಿದ್ದು ಅದಾದ ಮೇಲೆ. ಮೊದಲು ಒಂದು ಚೀಲ. ಆಮೇಲೆ ಒಡೆದ ಕುರ್ಚಿ. ಆಮೇಲೆ ಯಾರೋ ಹಳೆಯ ಟೈರು ತಂದು ಕಾರಿಗೆ ಒರಗಿಸಿಟ್ಟು ಹೋದರು, ಅದಕ್ಕೆ ಜೊತೆ ಬೇಕಿತ್ತೇನೋ ಅನ್ನೋ ಹಾಗೆ.

ಬಿಟ್ಟುಹೋದ ಕಾರು ಅಂದರೆ ನನಗೆ ಜಿಂಬಾರ್ಡೊ ನೆನಪಾಗುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1969ರಲ್ಲಿ, ಬಿಟ್ಟುಹೋದ ಕಾರಿಗೆ ಜನ ಏನು ಮಾಡುತ್ತಾರೆ ಅಂತ ನೋಡುವುದಕ್ಕೆ, ಎರಡು ಕಾರುಗಳ ನಂಬರ್ ಪ್ಲೇಟ್ ತೆಗೆದು, ಬಾನೆಟ್ ಎತ್ತಿ, ಒಂದನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಇನ್ನೊಂದನ್ನು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಿಲ್ಲಿಸಿದರು. ಬ್ರಾಂಕ್ಸ್‌ನಲ್ಲಿ ಹತ್ತು ನಿಮಿಷದೊಳಗೇ ಕೈ ಹಾಕಿದವರು ಬಂದರು. ಯಾರು ಅಂದುಕೊಂಡಿರಿ? ಪುಂಡರಲ್ಲ. ಅಪ್ಪ, ಅಮ್ಮ, ಮಗ ಇದ್ದ ಒಂದು ಕುಟುಂಬ. ರೇಡಿಯೇಟರ್ ಮತ್ತು ಬ್ಯಾಟರಿ ಬಿಚ್ಚಿಕೊಂಡು ಹೋದರು. ಪಾಲೊ ಆಲ್ಟೊದ ಕಾರನ್ನು ಮಾತ್ರ ವಾರ ಕಳೆದರೂ ಯಾರೂ ಮುಟ್ಟಲಿಲ್ಲ, ಮಳೆ ಬಂದಾಗ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಇಂಜಿನ್ ನೆನೆಯಬಾರದು ಅಂತ ಬಾನೆಟ್ ಮುಚ್ಚಿ ಹೋದರಂತೆ. ಕೊನೆಗೆ ಅದನ್ನು ಒಡೆಯಲು ಶುರುಮಾಡುವುದಕ್ಕೆ ಜಿಂಬಾರ್ಡೊ ಮತ್ತು ಅವರ ವಿದ್ಯಾರ್ಥಿಗಳೇ ಸುತ್ತಿಗೆ ಹಿಡಿಯಬೇಕಾಯಿತು. ನಮ್ಮ ರಸ್ತೆಯಲ್ಲಿ ಬಾನೆಟ್ ಮುಚ್ಚುವವರೂ ಇರಲಿಲ್ಲ, ಸುತ್ತಿಗೆ ಹಿಡಿಯುವವರೂ ಇರಲಿಲ್ಲ. ಸುಮ್ನೆ ಪಕ್ಕದಲ್ಲಿ ಹಾದುಹೋಗುವವರು ಇದ್ದೆವು.

ನಾನು ಪಾಲಿಕೆ ಕಚೇರಿಗೆ ದೂರು ಕೊಟ್ಟೆ. ಕಾರಣ ಕಾರಲ್ಲ, ಆ ಟೈರು. ಅದರೊಳಗೆ ನೀರು ನಿಂತು ಹುಳ ಆಡುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟೈರು ಅಂದರೆ ಬಹಳ ಇಷ್ಟ. ನೆರಳು ಇರುತ್ತದೆ, ನೀರು ಬೇಗ ಆರುವುದಿಲ್ಲ. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಹಾಗೇ ಒಣಗಿಕೊಂಡು ತಿಂಗಳುಗಟ್ಟಲೆ ಇರುತ್ತದೆ, ಮತ್ತೆ ನೀರು ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆ ತಯಾರು. ಇದರ ಹತ್ತಿರದ ಇನ್ನೊಂದು ಜಾತಿ, ಏಷ್ಯನ್ ಟೈಗರ್ ಸೊಳ್ಳೆ, 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಯೂರಿದ್ದು ಕಂಡುಬಂತು. ಅಲ್ಲಿಗೆ ಬಂದಿದ್ದು ಏಷ್ಯಾದಿಂದ ತರಿಸಿದ ಹಳೆಯ ಟೈರುಗಳ ಜೊತೆ. ಟೈರಿನಲ್ಲಿ ಕೂತು ಸಮುದ್ರ ದಾಟಿದ ಜೀವಕ್ಕೆ ನಮ್ಮ ರಸ್ತೆ ದಾಟಿ ಮನೆಯೊಳಗೆ ಬರುವುದು ಕಷ್ಟವೇ?

ಪಕ್ಕದ ಮನೆಯ ಅಂಕಲ್‌ಗೆ ನನ್ನ ದೂರು ಸರಿಬರಲಿಲ್ಲ. "ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ? ನಾಳೆ ನಮ್ಮ ಮನೆ ಮುಂದೆ ಇದ್ದಿದ್ದಕ್ಕೂ ನೋಟಿಸ್ ಕೊಡ್ತಾರೆ" ಅಂದರು. ಅವರ ಮನೆ ಮುಂದೆ ಕಟ್ಟಡ ಕೆಲಸದಲ್ಲಿ ಉಳಿದ ಇಟ್ಟಿಗೆ, ಮರಳು ಇನ್ನೂ ಹಾಗೇ ಬಿದ್ದಿತ್ತು ಅನ್ನೋದು ಬೇರೆ ಮಾತು.

ಕೊನೆಗೂ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕೈಯಲ್ಲಿ ಸೀಮೆಸುಣ್ಣ. ಕಾರಿನ ಟೈರಿನ ಮೇಲೊಂದು ಗೆರೆ, ಅದಕ್ಕೆ ಸರಿಯಾಗಿ ನೆಲದ ಮೇಲೊಂದು ಗೆರೆ ಎಳೆದರು. ಮುಂದಿನ ಸಲ ಬಂದಾಗ ಎರಡೂ ಹಾಗೇ ಕೂಡಿದ್ದರೆ ಗಾಡಿ ಅಲುಗಿಲ್ಲ ಅಂತ ಲೆಕ್ಕ. ನಾಲ್ಕೂ ಟೈರಲ್ಲಿ ಗಾಳಿಯಿಲ್ಲದ ಕಾರು ಎಲ್ಲಿಗೆ ಹೋಗುತ್ತದೆ ಅಂತ ನಾನು ನಕ್ಕೆ. "ನನಗೂ ಕಾಣುತ್ತೆ. ನಾಳೆ ಯಾರಾದರೂ ಬಂದು ನನ್ನ ಗಾಡಿ ಯಾಕೆ ಎತ್ತಿದಿರಿ ಅಂತ ಕೇಳಿದರೆ ತೋರಿಸೋಕೆ ಏನಾದರೂ ಬೇಕಲ್ವಾ?" ಅಂದರು. ಗಾಜಿನ ಧೂಳು ಒರೆಸಿ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದ್ದ, ಹದಿನೇಳು ಅಕ್ಷರ, ಅಂಕಿಗಳ ಕಾರಿನ ಗುರುತಿನ ಸಂಖ್ಯೆಯನ್ನು ಬರೆದುಕೊಂಡರು. ನಂಬರ್ ಪ್ಲೇಟು ಕಿತ್ತರೂ ಆ ಸಂಖ್ಯೆ ಉಳಿಯುತ್ತದೆ. ಸೊನ್ನೆ, ಒಂದರ ಜೊತೆ ಗೊಂದಲ ಆಗಬಾರದು ಅಂತ ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನೇ ಬಳಸುವುದಿಲ್ಲ. ಆಮೇಲೆ ಗಾಜಿಗೆ ನೋಟಿಸ್ ಅಂಟಿಸಿದರು. ಇಷ್ಟು ದಿನದೊಳಗೆ ತೆಗೆಯದಿದ್ದರೆ ಎತ್ತಿಕೊಂಡು ಹೋಗುತ್ತೇವೆ, ಎತ್ತಿದ ಖರ್ಚೂ ನಿಮ್ಮದೇ, ಬಿಡಿಸಿಕೊಳ್ಳದಿದ್ದರೆ ಹರಾಜು. ಗಡುವು ಯಾಕಿಷ್ಟು ಉದ್ದ ಅಂತ ಬೀದಿಯವರೆಲ್ಲ ಬೈದರು, ನನಗೆ ಮಾತ್ರ ಅದರಲ್ಲಿ ತಪ್ಪು ಕಾಣಲಿಲ್ಲ. ಮಾಲೀಕರು ಆಸ್ಪತ್ರೆಯಲ್ಲಿ ಮಲಗಿರಬಹುದು, ಸತ್ತೇ ಹೋಗಿರಬಹುದು. ಹೇಳದೆ ಕೇಳದೆ ಇನ್ನೊಬ್ಬರ ವಸ್ತು ಎತ್ತಿಕೊಂಡು ಹೋದರೆ ಬ್ಯಾಟರಿ ಕದ್ದವನಿಗೂ ಕಚೇರಿಗೂ ಏನು ವ್ಯತ್ಯಾಸ?

ಗಾಡಿ ಎತ್ತುವ ದಿನ ಬಂತು. ಅದೇ ದಿನ ಮಾಲೀಕರೂ ಬಂದರು! ಅಂದರೆ ದಾಖಲೆಯಲ್ಲಿನ ಮಾಲೀಕರು. ವಯಸ್ಸಾದ ಮನುಷ್ಯ, ಕೈಯಲ್ಲಿ ಮಡಚಿ ಮಡಚಿ ಹರಿದ ಒಂದು ಕಾಗದ. "ಮೇಡಂ, ಇದನ್ನ ಮಾರಿ ಎಷ್ಟೋ ವರ್ಷ ಆಯ್ತು. ನೋಡಿ, ಬರೆಸಿಕೊಂಡಿದ್ದೀನಿ." ಕೊಂಡವನು ಹೆಸರು ಬದಲಾಯಿಸಿಕೊಂಡಿರಲಿಲ್ಲ, ಇವರೂ ಮಾರಿದೆ ಅಂತ ನೋಂದಣಿ ಕಚೇರಿಗೆ ತಿಳಿಸಿರಲಿಲ್ಲ. ಕೊಂಡವನ ಫೋನು ಈಗ ಚಾಲ್ತಿಯಲ್ಲಿಲ್ಲ. ಮೇಡಂ ಕಾಗದ ಓದಿದರು, ಫೋಟೊ ತೆಗೆದುಕೊಂಡರು. "ನಿಮ್ಮ ಮಾತು ನಂಬ್ತೀನಿ ಸರ್. ಆದರೆ ದಾಖಲೆ ಇವತ್ತಿಗೂ ನಿಮ್ಮ ಹೆಸರನ್ನೇ ಹೇಳುತ್ತೆ. ಈ ಕಾರು ಯಾರಿಗಾದರೂ ಗುದ್ದಿ ಓಡಿಹೋಗಿದ್ದರೂ ಪೊಲೀಸರು ಮೊದಲು ನಿಮ್ಮ ಮನೆಗೇ ಬರ್ತಿದ್ದರು." ಆ ಮನುಷ್ಯ ನಮ್ಮ ಗೇಟಿನ ಪಕ್ಕದ ಕಟ್ಟೆ ಮೇಲೆ ಕೂತುಬಿಟ್ಟರು. ನೀರು ತಂದುಕೊಟ್ಟೆ. ಗಾಡಿ ಮಾರುವವರು ಇದೊಂದನ್ನು ದಯವಿಟ್ಟು ಕೇಳಿಸಿಕೊಳ್ಳಿ: ದುಡ್ಡು ಎಣಿಸಿಕೊಂಡ ದಿನವೇ ಹೆಸರು ಬದಲಾಯಿಸುವ ಅರ್ಜಿಯನ್ನೂ ಹಾಕಿಸಿ.

ಎತ್ತುವುದು ಸುಲಭ ಇರಲಿಲ್ಲ. ಬ್ರೇಕು ತುಕ್ಕು ಹಿಡಿದು ಚಕ್ರಕ್ಕೇ ಕಚ್ಚಿಕೊಂಡಿತ್ತು. ಎಳೆದರೆ ಟೈರು ಉರುಳುವುದಿಲ್ಲ, ಉಜ್ಜುತ್ತದೆ. ಕೊನೆಗೆ ಇಡೀ ಕಾರನ್ನು ಮೇಲಕ್ಕೆತ್ತಿದರು. ಕೆಳಗಿನಿಂದ ಇಲಿಗಳು ದಿಕ್ಕಾಪಾಲಾಗಿ ಓಡಿದವು, ಮಕ್ಕಳು ಕಿರುಚಿದರು. ನೆಲದ ಮೇಲೆ ಕಪ್ಪು ಎಣ್ಣೆಯ ಕಲೆ, ಅದರ ಸುತ್ತ ಪ್ಲಾಸ್ಟಿಕ್ಕು, ಗಾಜು, ಸಿಗರೇಟಿನ ತುಂಡುಗಳು. ಸಿಗರೇಟಿನ ಫಿಲ್ಟರ್ ಹತ್ತಿಯ ಹಾಗೆ ಕಾಣುತ್ತದೆ, ಹೆಚ್ಚಾಗಿ ಅದು ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಬೇಗ ಕರಗುವುದಿಲ್ಲ.

ಕಾರು ಹೋಯಿತು. ಕಸ ಅಲ್ಲೇ ಉಳಿಯಿತು. ಗಾಡಿ ಎತ್ತುವವರಿಗೆ ಕಸ ಮುಟ್ಟುವ ಕೆಲಸವಿಲ್ಲ, ಕಸದವರಿಗೆ ಇನ್ನೊಂದು ದೂರು ಬೇಕು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಕಾರಿಗಾದರೆ ಹದಿನೇಳು ಅಕ್ಷರದ ಗುರುತು ಇದೆ. ಚೀಲಕ್ಕೆ ಏನಿದೆ? ಕಸ ಹಾಕಿದರೆ ದಂಡ ಅಂತ ಬೋರ್ಡು ಎಲ್ಲ ಕಡೆ ಇರುತ್ತದೆ, ಆದರೆ ಹಾಕುವಾಗಲೇ ಹಿಡಿಯದಿದ್ದರೆ ದಂಡ ಯಾರಿಗೆ? ಹಾಕುವವರಿಗೂ ಇದು ಗೊತ್ತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಸಂಶೋಧಕರು ನಿಲ್ಲಿಸಿದ ಸೈಕಲ್ಲುಗಳ ಹ್ಯಾಂಡಲಿಗೆ ಜಾಹೀರಾತಿನ ಚೀಟಿ ಸಿಕ್ಕಿಸಿ ನೋಡಿದರು. ಪಕ್ಕದ ಗೋಡೆ ಶುಚಿಯಾಗಿದ್ದಾಗ ಚೀಟಿಯನ್ನು ನೆಲಕ್ಕೆ ಎಸೆದವರು ಅಥವಾ ಬೇರೆ ಸೈಕಲ್ಲಿಗೆ ಸಿಕ್ಕಿಸಿದವರು ಶೇಕಡಾ 33, ಅದೇ ಗೋಡೆಯ ಮೇಲೆ ಗೀಚಿದ್ದಾಗ 69. ಹಾಗಾಗಿ ಬೋರ್ಡಿಗಿಂತ ಅವತ್ತಿನ ಕಸವನ್ನು ಅವತ್ತೇ ತೆಗೆಯುವುದು ಜಾಸ್ತಿ ಕೆಲಸ ಮಾಡುತ್ತದೆ ಅನ್ನೋದು ನನ್ನ ನಂಬಿಕೆ. ಹೊರಡುವ ಮುಂಚೆ ಮೇಡಂ ಟೈರಿನ ನೀರು ಚೆಲ್ಲಿಸಿ ಅದನ್ನೂ ಲಾರಿಗೆ ಹಾಕಿಸಿದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಹೋಗುವಾಗ ಅವರ ಕಣ್ಣು ಎರಡು ಕಡೆ ಬಿತ್ತು. ಒಂದು, ತಿರುವಿನ ಖಾಲಿ ಸೈಟು. ಆಳೆತ್ತರ ಕಳೆ, ಅದರ ತುಂಬ ಚೀಲಗಳು. ಮಾಲೀಕರು ದೂರದಲ್ಲೆಲ್ಲೋ ಇದ್ದಾರೆ, ತೆರಿಗೆ ಮಾತ್ರ ಸರಿಯಾಗಿ ಕಟ್ಟುತ್ತಾರೆ. ಅವರಿಗೆ ನೋಟಿಸ್ ಹೋಗುತ್ತದೆ, ಸ್ವಚ್ಛ ಮಾಡಿಸದಿದ್ದರೆ ಕಚೇರಿಯೇ ಆಳು ಕಳಿಸಿ ಮಾಡಿಸಿ ಖರ್ಚನ್ನು ತೆರಿಗೆಗೆ ಸೇರಿಸುತ್ತದೆ. ಈ ನಿಯಮ ನನಗೆ ಇಷ್ಟವಾಯಿತು. ದಂಡ ಹಾಕಿ ಕೂರುವುದಿಲ್ಲ, ಕೆಲಸ ಆಗುತ್ತದೆ.

ಇನ್ನೊಂದು, ಎದುರುಮನೆ ಅಜ್ಜಿಯ ಕಾಂಪೌಂಡು. ಗಿಡಗಂಟಿ ಬೆಳೆದು ಪಾದಚಾರಿ ದಾರಿಗೆ ಬಂದಿದೆ, ಗೇಟು ಒಂದು ಕಡೆ ಕಳಚಿದೆ. "ಇದಕ್ಕೂ ಕೊಡಬೇಕಾಗುತ್ತೆ" ಅಂದರು ಮೇಡಂ. ನಿಯಮದ ಪ್ರಕಾರ ಅವರ ಮಾತು ಸರಿ. ಸೈಟಿನ ಮಾಲೀಕರೂ ಕಳೆ ಕೀಳಿಸಿಲ್ಲ, ಅಜ್ಜಿಯೂ ಕೀಳಿಸಿಲ್ಲ. ಅವರಿಗೆ ಮನಸ್ಸಿಲ್ಲ, ಇವರಿಗೆ ಕೈಲಾಗುವುದಿಲ್ಲ, ನೋಟಿಸಿನಲ್ಲಿ ಇದನ್ನು ಬರೆಯುವುದಕ್ಕೆ ಜಾಗವೇ ಇಲ್ಲ. ನಾನು ಒಂದು ವಾರ ಟೈಮ್ ಕೊಡಿ ಅಂದೆ. ಅವರು ಪುಸ್ತಕ ಮುಚ್ಚಿದರು. ಆ ಭಾನುವಾರ ನಾವು ಕೆಲವರು ಸೇರಿ ಕತ್ತರಿಸಿದೆವು. ಅಜ್ಜಿ ಮೆಟ್ಟಿಲ ಮೇಲೆ ಕೂತು "ಅದನ್ನ ಮುಟ್ಟಬೇಡ, ಅದು ಹೂ ಬಿಡುತ್ತೆ" ಅಂತ ಅರ್ಧ ಗಿಡಗಳನ್ನು ಉಳಿಸಿಕೊಂಡರು. ಗೇಟು ಇನ್ನೂ ಹಾಗೇ ಇದೆ, ವೆಲ್ಡಿಂಗ್ ಮಾಡುವವರನ್ನು ಹುಡುಕಬೇಕು.

ಸೈಟಿನ ಗಡುವು ಇನ್ನೂ ಮುಗಿದಿಲ್ಲ. ಕಾರು ಇದ್ದ ಜಾಗದಲ್ಲಿ ಈಗ ಅಂಕಲ್ ತಮ್ಮ ಗಾಡಿ ನಿಲ್ಲಿಸುತ್ತಾರೆ, ಹಾಗಾಗಿ ಅವರಿಗೂ ಪಕ್ಕದ ಚೀಲಗಳ ವಾಸನೆ ತಟ್ಟಿದೆ. ಮುಂದಿನ ದೂರಿಗೆ ತಾವೂ ಸಹಿ ಹಾಕುತ್ತಾರಂತೆ. "ನನ್ನ ಹೆಸರು ಮಾತ್ರ ಕೊನೆಯಲ್ಲಿ ಬರೀರಿ" ಅಂತ ಒಂದು ಷರತ್ತು ಇಟ್ಟಿದ್ದಾರೆ.