ಮಲ್ಲಿತಮ್ಮ ಒಬ್ಬನೋ, ಇಬ್ಬರೋ?

ಬೇಲೂರು ದೇವಸ್ಥಾನ ಕೆತ್ತಿದ್ದು ಯಾರು ಅಂತ ಕೇಳಿದರೆ ನಮ್ಮಲ್ಲಿ ಚಿಕ್ಕ ಮಕ್ಕಳೂ ಜಕಣಾಚಾರಿ ಅಂತಾರೆ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಶಾಲಾ ಪ್ರವಾಸಕ್ಕೆ ಹೋದಾಗಲೆಲ್ಲ ಆ ಕತೆ ಮತ್ತೆ ಕಿವಿಗೆ ಬೀಳುತ್ತದೆ. ಮಗ ಡಂಕಣಾಚಾರಿ ವಿಗ್ರಹದಲ್ಲಿ ದೋಷ ತೋರಿಸಿದ್ದು, ಹೊಕ್ಕುಳ ಹತ್ತಿರ ಕಪ್ಪೆ ಸಿಕ್ಕಿದ್ದು, ಅಪ್ಪ ತನ್ನ ಬಲಗೈ ಕಡಿದುಕೊಂಡಿದ್ದು, ಕೊನೆಗೆ ಕೈದಾಳದಲ್ಲಿ ಕೈ ಮರಳಿ ಬಂದಿದ್ದು. ಒಳ್ಳೆಯ ಕತೆ. ಚಿಕ್ಕವನಿದ್ದಾಗ ಅಜ್ಜಿಯ ಬಾಯಲ್ಲಿ ಅದನ್ನು ಕೇಳಿ ನಾನೂ ಅತ್ತಿದ್ದೇನೆ.

ಆದರೆ ಕೆತ್ತಿದವರು ತಮ್ಮ ಹೆಸರನ್ನು ತಾವೇ ಬರೆದಿಟ್ಟು ಹೋಗಿದ್ದಾರೆ, ಅಲ್ವಾ? ಬೇಲೂರಿನ ಮದನಿಕೆಯರ ಪೀಠ ನೋಡಿ. ಬಳ್ಳಿಗಾವಿಯ ದಾಸೋಜ ಇದ್ದಾನೆ. ಅವನ ಮಗ ಚಾವಣ ಇದ್ದಾನೆ. ಅಪ್ಪನ ಹೆಸರಲ್ಲಿ ನಾಲ್ಕು, ಮಗನ ಹೆಸರಲ್ಲಿ ಐದು ಮದನಿಕೆಯರು. ಜಕಣಾಚಾರಿಯ ಹೆಸರು ಅಲ್ಲಿ ಎಲ್ಲೂ ಇಲ್ಲ. ಚಾವಣನಂತೂ ಬಿರುದು ಹೊತ್ತ ರೂವಾರಿಗಳೆಂಬ (ಅಂದರೆ ಶಿಲ್ಪಿಗಳೆಂಬ) ಮನ್ಮಥನಿಗೆ ತಾನು ಮಹೇಶ್ವರ ಅಂತ ಹೇಳಿಕೊಳ್ಳುತ್ತಾನೆ. ಎದುರಾಳಿಗಳನ್ನು ಸುಟ್ಟು ಬೂದಿ ಮಾಡುತ್ತೇನೆ ಅಂತ ಕಲ್ಲಿನಲ್ಲೇ ಕೊರೆದ ಮನುಷ್ಯ ಅವನು. ಅಂಥವನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ನನಗೆ ಸಂಕಟ ಕೊಡುತ್ತದೆ. ಜನವರಿ 1ಕ್ಕೆ ಸರ್ಕಾರ ಜಕಣಾಚಾರಿ ಸಂಸ್ಮರಣಾ ದಿನ ಮಾಡುತ್ತದೆ. ಮಾಡಲಿ. ಅವತ್ತು ಅದೇ ವೇದಿಕೆಯಲ್ಲಿ ದಾಸೋಜನ ಹೆಸರನ್ನೂ ಹೇಳಲಿ ಅನ್ನೋದಷ್ಟೇ ನನ್ನ ಆಸೆ.

ಹಾಗಂತ ಹೆಸರು ಸಿಕ್ಕಿದ ಕೂಡಲೇ ಎಲ್ಲ ಬಗೆಹರಿಯಿತು ಅಂತಲ್ಲ. ನನ್ನ ತಲೆ ಜಾಸ್ತಿ ತಿಂದವನು ಹೊಯ್ಸಳರ ಕಾಲದ ಇನ್ನೊಬ್ಬ ಶಿಲ್ಪಿ, ಮಲ್ಲಿತಮ್ಮ.

ತರೀಕೆರೆ ಹತ್ತಿರದ ಅಮೃತಾಪುರದ ಗುಡಿ 1196ರದ್ದು. ಅಲ್ಲಿನ ಮಂಟಪದ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಒಳಚಾವಣಿಗಳಲ್ಲಿ, ಮಲ್ಲಿತಮ್ಮನ ಕೆಲಸ ಶುರುವಾಯಿತು ಅಂತ ಹೇಳುತ್ತಾರೆ. 1246ರ ನುಗ್ಗೇಹಳ್ಳಿಯಲ್ಲಿ ಮತ್ತೆ ಮಲ್ಲಿತಮ್ಮ. 1258ರ ಸೋಮನಾಥಪುರದಲ್ಲೂ ಮಲ್ಲಿತಮ್ಮ, ಅದೂ ಸುಮಾರು 40 ವಿಗ್ರಹಗಳ ಕೆಳಗೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 62 ವರ್ಷ. ಅಮೃತಾಪುರಕ್ಕೆ ಬಂದಾಗ ಇಪ್ಪತ್ತು ವರ್ಷದ ಹುಡುಗ ಅಂತಿಟ್ಟುಕೊಂಡರೂ ಸೋಮನಾಥಪುರದ ಹೊತ್ತಿಗೆ ಎಂಬತ್ತು ದಾಟಿರುತ್ತದೆ. ಆ ವಯಸ್ಸಿನಲ್ಲಿ 40 ವಿಗ್ರಹಕ್ಕೆ ಉಳಿ ಹಿಡಿಯಲು ಸಾಧ್ಯವಾ? ಒಬ್ಬನೇ ದೀರ್ಘಾಯುಷಿ ಅಂತ ನಂಬುವವರಿದ್ದಾರೆ. ನನಗೆ ಇಬ್ಬರು ಅನ್ನಿಸುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಶಿಲ್ಪಿಗಳ ಮನೆಯಲ್ಲಿ ಮಾತ್ರ ಯಾಕೆ ಇರಬಾರದು?

ಇನ್ನೊಂದು ದಾರಿಯೂ ಇದೆ. ಹೆಸರು ಯಜಮಾನನದು, ಕೈ ಶಿಷ್ಯರದು. ಸೋಮನಾಥಪುರದಲ್ಲಿ ಸಾಲಾಗಿ ನಿಂತ ವಿಗ್ರಹಗಳನ್ನು ನೋಡುವಾಗ ನಾನು ಮುಖ ನೋಡಲ್ಲ. ಮುಖಕ್ಕೆ ಎಲ್ಲರೂ ಶ್ರಮ ಹಾಕುತ್ತಾರೆ. ಕಾಲಿನ ಬೆರಳು, ಕಿವಿ, ಸೊಂಟಪಟ್ಟಿಯ ಗಂಟು, ಇಂಥ ಕಡೆ ಕೈ ತನ್ನ ಅಭ್ಯಾಸದಂತೆ ಓಡುತ್ತದೆ. ಮೇಷ್ಟ್ರಿಗೆ ಮಕ್ಕಳ ಅಕ್ಷರ ಹೆಸರಿಲ್ಲದೆಯೂ ಗೊತ್ತಾಗುತ್ತದಲ್ಲ, ಹಾಗೆ. ಒಂದೇ ಹೆಸರಿನ ಎರಡು ವಿಗ್ರಹ. ಒಂದರಲ್ಲಿ ಬೆರಳು ಉದ್ದಕ್ಕೆ ಬಿಡಿಬಿಡಿ. ಇನ್ನೊಂದರಲ್ಲಿ ಗಿಡ್ಡ, ಒತ್ತೊತ್ತು. ಎರಡೂ ಒಬ್ಬನ ಕೈಯದು ಅಂತ ಒಪ್ಪಲು ನನಗೆ ಕಷ್ಟ.

ನುಗ್ಗೇಹಳ್ಳಿಗೆ ಹೋದರೆ ಹೋಲಿಸಿ ನೋಡೋದು ಸುಲಭ. ಚನ್ನರಾಯಪಟ್ಟಣದಿಂದ ದೂರ ಇಲ್ಲ, ಜನವೂ ಕಡಿಮೆ. ಲಕ್ಷ್ಮೀನರಸಿಂಹ ಗುಡಿಯ ದಕ್ಷಿಣದ ಗೋಡೆ ನಂದಿ ಅನ್ನೋ ಊರಿನ ಶಿಲ್ಪಿ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಕಲ್ಲು, ಎರಡು ತಂಡ. ಸುಮ್ನೆ ಒಂದು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗಲ್ಲ. ದಕ್ಷಿಣದ ಒಂದು ವಿಷ್ಣುವನ್ನು ಚೆನ್ನಾಗಿ ನೋಡಿಕೊಂಡು, ಅದು ಕಣ್ಣಲ್ಲಿ ಇರುವಾಗಲೇ ಉತ್ತರಕ್ಕೆ ಹೋಗಿ. ನನ್ನ ಕಣ್ಣಿಗೆ ಬೈಚೋಜನ ವಿಗ್ರಹಗಳ ನಿಲುವಿನಲ್ಲಿ ಗಾಂಭೀರ್ಯ ಜಾಸ್ತಿ.

ಹೆಸರು ಓದಲು ಮಟಮಟ ಮಧ್ಯಾಹ್ನ ಹೋಗಬೇಡಿ. ನೇರ ಬಿಸಿಲಿಗೆ ಬಳಪದ ಕಲ್ಲಿನ ಅಕ್ಷರ ಮುಚ್ಚಿಹೋಗುತ್ತದೆ. ಬೆಳಗಿನ ಓರೆ ಬಿಸಿಲು ಒಳ್ಳೆಯದು. ಮೋಡ ಇದ್ದರೆ ಮೊಬೈಲ್ ಟಾರ್ಚನ್ನು ಪೀಠದ ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ನೆರಳು ಗೀರಿನೊಳಗೆ ಇಳಿದು ಅಕ್ಷರ ಮೇಲೆದ್ದು ಬರುತ್ತದೆ. ಹಳೆಯ ಲಿಪಿಯಾದರೂ ಮ, ಲ್ಲಿ ಗುರುತು ಸಿಗುತ್ತವೆ. ತಮ್ಮ ಅನ್ನೋದನ್ನು ಆಗ ಸೊನ್ನೆ ಹಾಕಿ ತಂಮ ಅಂತ ಬರೆಯುತ್ತಿದ್ದರು. ಕೆಲವು ಕಡೆ ಬರೀ ಮಲ್ಲಿ. ಕೆಲವು ಕಡೆ ಒಂದೇ ಒಂದು ಮ. ಆ ಒಂಟಿ ಮ ನೋಡಿದಾಗೆಲ್ಲ ಇದು ಮಲ್ಲಿತಮ್ಮನದೇ, ಇಲ್ಲ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಮಸಣಿತಮ್ಮನದೇ ಅಂತ ನನಗೆ ಅನುಮಾನ. ಸೋಮನಾಥಪುರದಲ್ಲಿ ಇಬ್ಬರೂ ಇದ್ದರಲ್ಲ!

ಅಕ್ಷರಗಳ ಮೇಲೆ ಸೀಮೆಸುಣ್ಣ, ಎಣ್ಣೆ ಮಾತ್ರ ಹಚ್ಚಬೇಡಿ. ಫೋಟೋ ತೆಗೆಯುವಾಗ ವಿಗ್ರಹದ ಪಾದದ ಹತ್ತಿರ ಕತ್ತರಿಸದೆ, ಪೀಠ ಪೂರ್ತಿ ಬರುವಂತೆ ತೆಗೆಯಿರಿ. ಮ ಅನ್ನುವ ಒಂದೇ ಅಕ್ಷರದ ಪೀಠ ಸಿಕ್ಕಿದರೆ ನನಗೂ ಕಳಿಸಿ, ಬೆರಳುಗಳು ಸರಿಯಾಗಿ ಕಾಣುವ ಹಾಗೆ ಇನ್ನೊಂದು ಚಿತ್ರದ ಜೊತೆ.