ಗುಜರಿಗೆ ಹಾಕಿದ ಟಿವಿ ಪಕ್ಕದ ಸೈಟಿನಲ್ಲಿ ಸಿಕ್ಕಿತು

ಗೌರಿ ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಮಾಡೋಣ ಅಂತ ಅಮ್ಮ ಹಿಡಿದ ಹಟಕ್ಕೆ ಹಳೇ ಡಬ್ಬಾ ಟಿವಿ ಕೆಳಗಿಳಿಯಿತು. ಬೀದಿಯಲ್ಲಿ ಬಂದ ಗುಜರಿಯವರಿಗೆ 150 ರೂಪಾಯಿಗೆ ಕೊಟ್ಟೆ. ಸದ್ಯ, ಜಾಗ ಆಯಿತು ಅಂದುಕೊಂಡೆ.

ಮೂರನೇ ದಿನ ಹಾಲು ತರಲು ಹೋದಾಗ ಪಕ್ಕದ ಖಾಲಿ ಸೈಟಿನಲ್ಲಿ ಅದೇ ಟಿವಿ ಬಿದ್ದಿತ್ತು. ತಮ್ಮ ಚಿಕ್ಕವನಿದ್ದಾಗ ಅಂಟಿಸಿದ್ದ ಕ್ರಿಕೆಟ್ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು, ಅದಕ್ಕೇ ಗುರುತು ಸಿಕ್ಕಿದ್ದು. ಪಿಕ್ಚರ್ ಟ್ಯೂಬಿನ ಕುತ್ತಿಗೆ ಮುರಿದು ತಾಮ್ರದ ಸುರುಳಿ ಕಿತ್ತುಕೊಂಡಿದ್ದರು. ಒಡೆದ ಗಾಜಿನ ಒಳಮೈಯಲ್ಲಿ ಬಿಳಿ ಪುಡಿ, ಅಲ್ಲೇ ಹುಲ್ಲು ಮೇಯುತ್ತಿದ್ದ ಹಸು. ಟ್ಯೂಬಿನ ಹಿಂದಿನ ಲಾಳಿಕೆಯಂಥ ಗಾಜಿಗೆ ಎಕ್ಸ್‌-ರೇ ಹೊರಬಾರದು ಅಂತ ಸೀಸ ಬೆರೆಸಿರುತ್ತಾರೆ. ಅದು ಮಣ್ಣಿಗೆ, ನೀರಿಗೆ ಇಳಿದರೆ ಮಕ್ಕಳಿಗೇ ಜಾಸ್ತಿ ಅಪಾಯ. ಎದೆ ಧಸಕ್ಕೆಂದಿತು.

ಗುಜರಿಯವರು ಮತ್ತೆ ಬಂದಾಗ ಕೇಳಿದೆ. "ತಾಮ್ರಕ್ಕೆ ಮಾತ್ರ ದುಡ್ಡು ಅಕ್ಕಾ, ಗಾಜು ಯಾರೂ ತಗೊಳಲ್ಲ" ಅಂದರು. ಅವರ ಮೇಲೆ ನನಗೆ ಕೋಪವಿಲ್ಲ. ಹಾಗೆ ಒಡೆಯುವಾಗ ಆ ಪುಡಿ ಮೊದಲು ಹೋಗೋದು ಅವರ ಎದೆಗೇ ಅಲ್ವಾ? ಟಿವಿ ಎಲ್ಲಿಗೆ ಹೋಗುತ್ತೆ ಅಂತ ನಾನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಮಾಸ್ಕ್, ದಪ್ಪ ಗ್ಲೌಸ್ ಹಾಕಿಕೊಂಡು ಗಾಜನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿಸಿದೆ. ಅಟ್ಟದಲ್ಲಿ ಉಳಿದದ್ದೂ ಇತ್ತು: ಚಾರ್ಜರ್‌ಗಳು, ಪಾದರಸ ಇರುವ ಸಿಎಫ್ಎಲ್ ಬಲ್ಬು, ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿ. ಬ್ಯಾಟರಿಯನ್ನು ಚುಚ್ಚದೆ, ಒತ್ತದೆ, ತುದಿಗಳಿಗೆ ಟೇಪ್ ಸುತ್ತಿ ಒಣ ಮರಳಿರುವ ಡಬ್ಬಿಯಲ್ಲಿಟ್ಟೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ (ಬಿಸಾಡುವ ಎಲೆಕ್ಟ್ರಾನಿಕ್ ಸಾಮಾನು) ನಿಯಮದಲ್ಲಿ ಮರುಬಳಕೆಯ ಹೊಣೆ ತಯಾರಕರದ್ದೇ. ಆದರೆ ನಮ್ಮ ಮನೆಯಿಂದ ಸರಿಯಾದ ಜಾಗಕ್ಕೆ ಮುಟ್ಟಿಸದಿದ್ದರೆ ಅವರಾದರೂ ಏನು ಮಾಡಿಯಾರು? ನಮ್ಮ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಇ-ತ್ಯಾಜ್ಯ ಮರುಬಳಕೆ ಘಟಕ ಎಷ್ಟೋ ವರ್ಷದಿಂದ ಇದೆ, ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಈ ಸಲ ನಾಲ್ಕು ಕಡೆ ಫೋನ್ ಮಾಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯಾ, ಒಡೆದ ಟ್ಯೂಬ್ ತಗೋತೀರಾ ಅಂತ ಕೇಳಿ ತಿಳಿದುಕೊಂಡೇ ಆಟೋ ಹತ್ತಿದೆ. ತಗೋತೀವಿ ಅಂದ ಘಟಕದವರು ತೂಕ ಹಾಕಿ ರಸೀದಿ ಕೊಟ್ಟರು.

"ಎಷ್ಟು ಕೊಟ್ಟರು?" ಅಂತ ಅಮ್ಮ ಕೇಳಿದರು. ದುಡ್ಡು ಕೊಡಲಿಲ್ಲಮ್ಮ ಅಂತ ರಸೀದಿ ತೋರಿಸಿದೆ. ಅಮ್ಮ ಅದನ್ನು ಓದಿ, ಕರೆಂಟ್ ಬಿಲ್ಲುಗಳ ಜೊತೆ ಎತ್ತಿಟ್ಟರು.

ಮಳೆ ಬಂದು ಮಣ್ಣು ತೊಳೆದಾಗ ಆ ಸೈಟಿನಲ್ಲಿ ಈಗಲೂ ಒಂದೆರಡು ಚೂರು ಮಿನುಗುತ್ತವೆ. ಹೆಕ್ಕಿ ಮುಚ್ಚಳದ ಡಬ್ಬಿಗೆ ಹಾಕುತ್ತಿದ್ದೇನೆ. ಮುಂದಿನ ಸಲ ಹೋಗುವಾಗ ಅದನ್ನೂ ಕೊಡಬೇಕು.