ಮೊದಲು ಕಕ್ಷೆ, ಆಮೇಲೆ ಫೋಟೊ

ತಾರಾಲಯದಲ್ಲಿ ಶೋ ಮುಗಿದ ಮೇಲೆ ಶಾಲಾ ಮಕ್ಕಳಿಗೆ ಸ್ಲೈಡ್ ಹಾಕಿ ಮಾತಾಡುವುದು, ಅವರು ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಒಂದು ಮಾತು ತಪ್ಪದೆ ಹೇಳುತ್ತೇನೆ: ಮಂಗಳನ ಚಂದ್ರರ ವಿಷಯ ಬಂದಾಗ ಫೋಟೊ ಮೊದಲು ತೋರಿಸಬೇಡಿ.

ಫೋಬೋಸ್ ಪರದೆ ಮೇಲೆ ಬಂತೋ ಇಲ್ವೋ, ಹಿಂದಿನ ಸಾಲಿನಿಂದ "ಆಲೂಗಡ್ಡೆ!" ಅಂತ ಕೂಗು ಬರುತ್ತದೆ. ಅದು ಇರುವುದೂ ಹಾಗೇ. ಉದ್ದ ಸುಮಾರು 27 ಕಿ.ಮೀ., ಅಷ್ಟೆ. ಡೀಮೋಸ್ ಇನ್ನೂ ಚಿಕ್ಕದು, 15 ಕಿ.ಮೀ. ಆಸುಪಾಸು. ಮೈಯನ್ನು ದುಂಡಗೆ ಎಳೆದುಕೊಳ್ಳುವಷ್ಟು ಗುರುತ್ವ ಎರಡಕ್ಕೂ ಇಲ್ಲ. ಬಣ್ಣವೂ ತುಂಬಾ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಏಳರಷ್ಟು ವಾಪಸ್ ಬಂದರೆ ಹೆಚ್ಚು. ಪಕ್ಕದಲ್ಲಿ ಒಂದು ಕ್ಷುದ್ರಗ್ರಹದ ಚಿತ್ರ ಹಾಕಿದರೆ ಕಥೆ ತಾನೇ ಮುಗಿದುಹೋಗುತ್ತದೆ. ಮಂಗಳನ ಆಚೆಗೇ ಕ್ಷುದ್ರಗ್ರಹಗಳ ಪಟ್ಟಿ ಇದೆ, ಅಲ್ಲಿಂದ ಎರಡು ಕಲ್ಲು ದಾರಿ ತಪ್ಪಿ ಬಂದವು, ಮಂಗಳ ಹಿಡಿದಿಟ್ಟುಕೊಂಡಿತು. ಎಲ್ಲರೂ ತಲೆಯಾಡಿಸುತ್ತಾರೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ನಮ್ಮ ಕೆಲಸದಲ್ಲಿ ಅದು ಒಳ್ಳೆಯ ಲಕ್ಷಣ ಅಲ್ಲ.

ಅದಕ್ಕೇ ನಾನು ಮೊದಲು ಬರೀ ಗೆರೆಗಳ ಚಿತ್ರ ಹಾಕುತ್ತೇನೆ. ನಡುವೆ ಮಂಗಳ, ಸುತ್ತ ಎರಡು ವೃತ್ತ. ಫೋಬೋಸ್ ಮಂಗಳನ ಕೇಂದ್ರದಿಂದ ಸುಮಾರು 9,400 ಕಿ.ಮೀ. ದೂರದಲ್ಲಿದೆ, ಒಂದು ಸುತ್ತಿಗೆ 7 ಗಂಟೆ 39 ನಿಮಿಷ. ಡೀಮೋಸ್ ಇರುವುದು ಸುಮಾರು 23,500 ಕಿ.ಮೀ. ದೂರದಲ್ಲಿ, ಅದಕ್ಕೆ 30 ಗಂಟೆಗೂ ಜಾಸ್ತಿ ಬೇಕು. ಎರಡರ ದಾರಿಯೂ ಹೆಚ್ಚುಕಡಿಮೆ ದುಂಡಗಿದೆ. ಎರಡೂ ಮಂಗಳನ ಸಮಭಾಜಕದ ನೇರಕ್ಕೇ ಸುತ್ತುತ್ತವೆ, ಮಂಗಳ ತಿರುಗುವ ದಿಕ್ಕಿನಲ್ಲೇ. ಆಮೇಲೆ ಕೇಳುತ್ತೇನೆ: ಸುಮ್ನೆ ಹಾದುಹೋಗುತ್ತಿದ್ದ ಕಲ್ಲು ಇಲ್ಲಿ ನಿಂತಿದ್ದು ಹೇಗೆ?

ಈ ಪ್ರಶ್ನೆಗೆ ನಮ್ಮ ಮಂಗಳಯಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಹತ್ತಿರ ಹೋದಾಗ ಎಂಜಿನನ್ನು ಸುಮಾರು 23 ನಿಮಿಷ ಉರಿಸಿ ವೇಗ ಇಳಿಸಬೇಕಾಯಿತು. ಸೆಕೆಂಡಿಗೆ 1.1 ಕಿ.ಮೀ.ನಷ್ಟು ವೇಗ ಕಡಿಮೆಯಾಯಿತು. ಅಷ್ಟು ಮಾಡದಿದ್ದರೆ ನೌಕೆ ಮಂಗಳನನ್ನು ದಾಟಿ ಸೂರ್ಯನ ಸುತ್ತ ಹೊರಟುಹೋಗುತ್ತಿತ್ತು. ಅಷ್ಟು ಮಾಡಿಯೂ ಸಿಕ್ಕಿದ್ದು ಎಂಥ ಕಕ್ಷೆ? ಹತ್ತಿರ ಬಂದಾಗ ನೆಲದಿಂದ 422 ಕಿ.ಮೀ., ದೂರ ಹೋದಾಗ ಸುಮಾರು 77,000 ಕಿ.ಮೀ. ಉದ್ದಕ್ಕೆ ಎಳೆದಂಥ ದಾರಿ. ಕಲ್ಲಿಗೆ ಎಂಜಿನ್ ಇಲ್ಲ. ಬ್ರೇಕ್ ಹಾಕಿದವರು ಯಾರು? ಹಾಕಿದರೂ ದಾರಿಯನ್ನು ದುಂಡಗೆ ಮಾಡಿ, ಸಮಭಾಜಕದ ನೇರಕ್ಕೆ ತಂದವರು ಯಾರು? ಅದೂ ಎರಡೆರಡು ಸಲ?

ಇಲ್ಲಿಂದ ಮಕ್ಕಳ ಬಾಯಿ ಬಿಚ್ಚುತ್ತದೆ. "ಗಾಳಿ ತಡೆದಿರಬಹುದು ಸರ್" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ವಿಜ್ಞಾನಿಗಳೂ ಇದನ್ನು ಯೋಚಿಸಿದ್ದಾರೆ. ಎಳೆಯ ಮಂಗಳನ ಸುತ್ತ ದಟ್ಟ ಗಾಳಿ ಇದ್ದಿದ್ದರೆ ಕಲ್ಲಿನ ವೇಗ ತಗ್ಗಬಹುದು. ಆದರೆ ಆ ಗಾಳಿ ಸರಿಯಾದ ಹೊತ್ತಿಗೆ ತೆಳುವಾಗಬೇಕು, ಇಲ್ಲದಿದ್ದರೆ ಕಲ್ಲು ಕೆಳಗೇ ಬೀಳುತ್ತದೆ. ಇನ್ನು ಮಂಗಳನ ಉಬ್ಬರವಿಳಿತದ ಸೆಳೆತ, ಅಂದರೆ ಹತ್ತಿರದ ಬದಿಯನ್ನು ಜಾಸ್ತಿ, ದೂರದ ಬದಿಯನ್ನು ಕಡಿಮೆ ಎಳೆಯುವ ಗುರುತ್ವ. ಅದು ಫೋಬೋಸನ್ನು ಈಗಲೂ ನೂರು ವರ್ಷಕ್ಕೆ ಸುಮಾರು 1.8 ಮೀಟರ್‌ನಷ್ಟು ಒಳಗೆ ಎಳೆಯುತ್ತಿದೆ. ಡೀಮೋಸ್ ಮಾತ್ರ ತೀರಾ ಚಿಕ್ಕದು, ದೂರವೂ ಇದೆ. ಸೌರಮಂಡಲದ ಇಡೀ ವಯಸ್ಸು ಕೊಟ್ಟರೂ ಈ ಸೆಳೆತ ಅದರ ದಾರಿಯನ್ನು ದುಂಡಗೆ ಮಾಡಲಾರದು.

ಹಾಗಾಗಿ ಇನ್ನೊಂದು ಉತ್ತರ ಬಲವಾಗಿದೆ. ಯಾವುದೋ ದೊಡ್ಡ ಕಾಯ ಮಂಗಳನಿಗೆ ಬಡಿಯಿತು. ಎದ್ದ ಚೂರುಗಳು ಗ್ರಹದ ಸುತ್ತ ತಟ್ಟೆಯಾಗಿ ಹರಡಿದವು. ಆ ತಟ್ಟೆಯೊಳಗೇ ಚಂದ್ರರು ಕೂಡಿಕೊಂಡರು. ಹೀಗೆ ಹುಟ್ಟಿದರೆ ದುಂಡು ದಾರಿ, ಸಮಭಾಜಕ ಎರಡೂ ತಾನಾಗಿಯೇ ಬರುತ್ತವೆ. ಆದರೆ ಕಪ್ಪು ಬಣ್ಣಕ್ಕೆ ಈಗ ಕಾರಣ ಹುಡುಕಬೇಕು! 2024ರಲ್ಲಿ ಕಂಪ್ಯೂಟರ್ ಲೆಕ್ಕದ ಮೂಲಕ ಮೂರನೇ ದಾರಿಯೂ ಬಂತು: ತೀರಾ ಹತ್ತಿರ ಹಾದ ಕ್ಷುದ್ರಗ್ರಹವೊಂದು ಮಂಗಳನ ಸೆಳೆತಕ್ಕೆ ಸಿಕ್ಕಿ ಒಡೆದಿರಬಹುದು, ಒಂದಷ್ಟು ಚೂರು ಅಲ್ಲೇ ಉಳಿದು ಒಂದಕ್ಕೊಂದು ಬಡಿದು ತಟ್ಟೆಯಾಗಿರಬಹುದು. ನನಗೆ ಇದು ಇಷ್ಟ. ಇಷ್ಟ ಅಂದ ಮಾತ್ರಕ್ಕೆ ನಿಜ ಆಗಬೇಕಿಲ್ಲ, ಅಲ್ವಾ?

ಹಿಡಿದಿಟ್ಟುಕೊಂಡ ಚಂದ್ರರು ಎಲ್ಲೂ ಇಲ್ಲ ಅಂತಲ್ಲ. ಶನಿಯ ಫೀಬಿಯನ್ನು ನೋಡಿ. ಗ್ರಹದಿಂದ ಬಲು ದೂರ, ವಾಲಿದ ದಾರಿ, ಸುತ್ತುವುದೂ ಉಲ್ಟಾ. ಶನಿಯ ಜೊತೆ ಹುಟ್ಟಿದ್ದು ಹೀಗೆ ಸುತ್ತುವುದಿಲ್ಲ. 2025ರ ಮಾರ್ಚ್‌ನಲ್ಲಿ ಶನಿಗೆ ಒಂದೇ ಸಲ 128 ಚಂದ್ರರು ಸೇರಿ ಲೆಕ್ಕ 274ಕ್ಕೆ ಏರಿತು. ಹೊಸಬರೆಲ್ಲ ಇಂಥ ಹೊರಗಿನ ಪುಟಾಣಿಗಳೇ. ಹಿಂದೆ ಸಿಕ್ಕಿಬಿದ್ದ ಕೆಲವು ಕಾಯಗಳು ಡಿಕ್ಕಿ ಹೊಡೆದು ಒಡೆದ ಚೂರುಗಳಿರಬೇಕು ಅಂತ ಅಂದಾಜು. ಇಲ್ಲೂ ಸುಳಿವು ಕೊಟ್ಟಿದ್ದು ಕಕ್ಷೆಯೇ.

ಫೋಟೊ ದಂಡ ಅಂತ ನಾನು ಹೇಳುತ್ತಿಲ್ಲ. ಶನಿಯ ಉಂಗುರದೊಳಗಿನ ಪುಟ್ಟ ಚಂದ್ರ ಪ್ಯಾನ್ ವಿಷಯದಲ್ಲಿ ಕ್ಯಾಸಿನಿ ನೌಕೆ 2017ರಲ್ಲಿ ತೆಗೆದ ಚಿತ್ರ ತುಂಬಾ ಹೇಳುತ್ತದೆ. ಅದರ ನಡುವಿಗೆ ಸುತ್ತಲೂ ಎದ್ದ ಏಣು, ಉಂಗುರದ ಪುಡಿ ಬಂದು ಕೂತು ಆಗಿದ್ದು. ಅದನ್ನು ನೋಡದೆ ನಂಬುವುದು ಕಷ್ಟ.

ಕೆಲವು ಮೇಷ್ಟ್ರುಗಳಿಗೆ ಈ ಕ್ರಮ ಹಿಡಿಸುವುದಿಲ್ಲ. "ಒಂದೇ ಉತ್ತರ ಹೇಳಿಬಿಡಿ ಸರ್, ಮಕ್ಕಳು ನೋಟ್ಸ್ ಬರೆದುಕೊಳ್ಳಬೇಕು" ಅನ್ನುತ್ತಾರೆ. ನಾನು ಕಕ್ಷೆಯ ಚಿತ್ರವನ್ನೇ ಬರೆಸಿ ಕಳಿಸುತ್ತೇನೆ. ಅದು ಯಾವ ಉತ್ತರ ಗೆದ್ದರೂ ಬದಲಾಗುವುದಿಲ್ಲ. ಫೋಬೋಸ್ ಫೋಟೊ ಕೊನೆಗೆ ಬರುತ್ತದೆ, 2020ರ ಜುಲೈ 1ರಂದು ಮಂಗಳಯಾನವೇ 4,200 ಕಿ.ಮೀ. ದೂರದಿಂದ ತೆಗೆದದ್ದು.

ಆಗ ದೊಡ್ಡ ಮಕ್ಕಳು ಕೇಳುತ್ತಾರೆ: ಹಾಗಾದರೆ ತೀರ್ಮಾನ ಹೇಗೆ? ಅಲ್ಲಿನ ಮಣ್ಣು ಬೇಕು. ಜಪಾನಿನ ಎಂಎಂಎಕ್ಸ್ ಯೋಜನೆಯ ಗುರಿ ಫೋಬೋಸ್ ಮೇಲಿಳಿದು ಕನಿಷ್ಠ 10 ಗ್ರಾಂ ತರುವುದು. ಅದರಲ್ಲಿ ಇಂಗಾಲ, ನೀರು ಸೇರಿದ ಖನಿಜಗಳು ಜಾಸ್ತಿ ಇದ್ದರೆ ಹೊರಗಿನಿಂದ ಬಂದದ್ದು ಅನ್ನಬಹುದು. ಕರಗಿ ಗಟ್ಟಿಯಾದ, ಮಂಗಳನ ಬಂಡೆಯಂಥದ್ದೇ ತುಂಬಿದ್ದರೆ ಡಿಕ್ಕಿಯ ಕಡೆ ವಾಲಬೇಕು. ತುಂಬಿರಬೇಕು, ಒಂದೆರಡು ಕಾಳು ಸಾಲದು. ಉಲ್ಕೆ ಬಡಿದಾಗೆಲ್ಲ ಮಂಗಳನಿಂದ ಹಾರಿದ ಪುಡಿ ಹೇಗಿದ್ದರೂ ಫೋಬೋಸ್ ಮೇಲೆ ಬಿದ್ದಿರುತ್ತದೆ.